ಮಿದುಳಿನ ಗಡ್ಡೆಯೂ ಅದರ ಸ್ನೇಹದ್ರವ್ಯವೂ

(ಸಂಸ್ಥೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ವಿದ್ಯಾರ್ಥಿಗಳನ್ನೂ ಪಾಲಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಸಂತೋಷದ ಈ ಸಮಯದಲ್ಲಿ ರೋಗದ ಮಾತನ್ನು ಎತ್ತಿಕೊಂಡೆವೆಂದು ತಾವು ಯಾರೂ ಬೇಸರಪಡಬಾರದೆಂದು ಮೊದಲಿಗೇ ಬೇಡಿಕೊಳ್ಳುತ್ತೇವೆ. ನಮ್ಮ ಪ್ರಾಚೀನ ವೈದ್ಯಶಾಸ್ತ್ರದಲ್ಲಿ ‘ಸ್ನೇಹ’ವೆಂದರೆ ಎಣ್ಣೆ, ತುಪ್ಪ, ಮೇದಸ್ಸು ಮೊದಲಾದ ಜಿಡ್ಡಿನ ಪದಾರ್ಥಗಳೆಂದೇ ಅರ್ಥ. ಎರಡು ಮನಸ್ಸುಗಳನ್ನು ಕೂಡಿಸುವುದೂ ಸ್ನೇಹವೇ. ದೀಪದ ಬತ್ತಿಯನ್ನು ಉರಿಸುವುದೂ ಸ್ನೇಹವೇ. ಆದುದರಿಂದ ಸ್ನೇಹಸಮ್ಮೇಳನದಲ್ಲಿ ಸ್ನೇಹದ್ರವ್ಯಗಳ ಕುರಿತು ಮಾತನಾಡುವುದು ತೀರ ಅಪ್ರಸ್ತುತವಾಗದೆಂದು ನಂಬಿದ್ದೇವೆ. ಇಂದಿನ ವಿಜ್ಞಾನವು ಈ ದ್ರವ್ಯಗಳನ್ನು ಲಿಪಿಡ್‌ಗಳೆಂದು ಕರೆಯುತ್ತದೆ.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವುಂಟು. ಕೆಲವು ಕಾಲದ ಹಿಂದೆ ನಮ್ಮ ಪಾಲಕರಲ್ಲಿ ಒಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಅವರ ಅಣ್ಣನವರಿಗೆ ಮಿದುಳಿನಲ್ಲಿ ಗಡ್ಡೆಯಾಗಿ ದೊಡ್ಡ ಊರಿನಲ್ಲಿ ಶಸ್ತ್ರಚಿಕಿತ್ಸೆ ನಡೆದಿತ್ತು. ಚಿಕಿತ್ಸೆ ಮುಗಿಸಿ ಹೊರಗೆ ಬಂದ ಶಸ್ತ್ರವೈದ್ಯರು, “ಕಣ್ಣಿಗೆ ಕಂಡಷ್ಟನ್ನು ತೆಗೆದಿದ್ದೇವೆ” ಎಂದು ಮಾತ್ರ ಹೇಳಿದರಂತೆ. ಈ ಒಂದು ಮಾತು ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು. “ಸರ, ಎಲ್ಲಾ ತಗದೀವಿ ಅಂತ ಅವರು ಯಾಕ ಅನ್ನಲಿಲ್ಲ? ನಮ್ಮಿಂದ ಏನರೆ ಮುಚ್ಚಿಟ್ಟಾರೇನು?” ಎಂದು ಅವರು ಕೇಳಿದರು. ಆಗ ನಾವು ಎರಡು ಸಮಾಧಾನದ ಮಾತನ್ನಾಡಿ ಕಳುಹಿದೆವು. ಆದರೆ ಸಮಾಧಾನದ ಮಾತು ಪ್ರಶ್ನೆಗೆ ಉತ್ತರವಾಗುವುದಿಲ್ಲ. ಇಂದು ಆ ಉತ್ತರವನ್ನು ಸರಿಯಾಗಿ ಕೊಡಲು ಯತ್ನಿಸುತ್ತೇವೆ.

ಮಕ್ಕಳೇ, ನಿಮ್ಮನ್ನು ಮೊದಲು 1884ನೆಯ ಇಸವಿಯ ಲಂಡನ್ ನಗರಕ್ಕೆ ಕರೆದೊಯ್ಯಬೇಕಾಗಿದೆ. ಆ ವರ್ಷ ನವೆಂಬರ್ 25ರಂದು ರಿಕ್‌ಮನ್ ಗಾಡ್ಲೀ ಎಂಬ ಶಸ್ತ್ರವೈದ್ಯರು ರೋಗಿಯೊಬ್ಬನ ತಲೆಬುರುಡೆಯನ್ನು ತೆರೆದು ಮಿದುಳಿನೊಳಗಿನಿಂದ ಒಂದು ಗಡ್ಡೆಯನ್ನು ತೆಗೆದರು. ಎಕ್ಸ್-ರೇ ಕಿರಣಗಳು ಗೊತ್ತಾದುದು 1895ರಲ್ಲಿ. ಆದುದರಿಂದ ಗಡ್ಡೆ ಎಲ್ಲಿದೆಯೆಂದು ತೋರಿಸುವ ಚಿತ್ರ ಯಾವುದೂ ಅಂದು ಅವರ ಕೈಯಲ್ಲಿರಲಿಲ್ಲ. ರೋಗಿಯ ಕೈಕಾಲುಗಳಲ್ಲಿ ಕಂಡ ಸೆಳೆತ, ನಿಶ್ಶಕ್ತಿ ಮುಂತಾದ ಲಕ್ಷಣಗಳನ್ನು ಪರಿಶೀಲಿಸಿ, ಗಡ್ಡೆಯು ಮಿದುಳಿನ ಇಂತಹ ಸ್ಥಳದಲ್ಲಿಯೇ ಇರಬೇಕೆಂದು ಹ್ಯೂಸ್ ಬೆನೆಟ್ ಎಂಬ ವೈದ್ಯರು ನಿರ್ಧರಿಸಿದ್ದರು. ತೆರೆದು ನೋಡಿದಾಗ ಗಡ್ಡೆ ಅಲ್ಲಿಯೇ ಇತ್ತು! ದುರ್ದೈವದಿಂದ ಗಾಯಕ್ಕೆ ಸೋಂಕು ತಗುಲಿ ಆ ರೋಗಿಯು 28 ದಿನಗಳ ತರುವಾಯ ತೀರಿಕೊಂಡನು. ಆದರೂ ಮಿದುಳಿನ ಗಡ್ಡೆಯ ಸ್ಥಳವನ್ನು ಮೊದಲೇ ಗುರುತಿಸಿ ಅದನ್ನು ತೆಗೆಯಬಹುದೆಂಬುದು ಲೋಕಕ್ಕೆ ತಿಳಿಯಿತು.

ಅದೇ ವರ್ಷ, ಅದೇ ಲಂಡನ್ನಿನಲ್ಲಿ, ಮಿದುಳಿನ ರಾಸಾಯನಿಕ ರಚನೆಯ ಕುರಿತು ಒಂದು ದೊಡ್ಡ ಗ್ರಂಥವು ಪ್ರಕಟವಾಯಿತು. ಅದನ್ನು ಬರೆದವರು ಥುಡಿಕುಮ್ ಎಂಬವರು. ಜರ್ಮನಿಯಲ್ಲಿ 1829ರಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ವೈದ್ಯರಿವರು. ಮಿದುಳಿನ ಜಿಡ್ಡೆಲ್ಲ ಒಂದೇ ಒಂದು ಮಹಾಪದಾರ್ಥವೆಂದು ಅಂದಿನ ಪ್ರಸಿದ್ಧ ರಸಾಯನಶಾಸ್ತ್ರಜ್ಞರನೇಕರು ಹೇಳುತ್ತಿದ್ದರು. ಥುಡಿಕುಮ್ಮರು ಮಾತ್ರ, ಅದು ಬೇರೆಬೇರೆ ದ್ರವ್ಯಗಳ ಮಿಶ್ರಣವೆಂದು ಹಟಹಿಡಿದು ಒಂದೊಂದನ್ನೇ ಬೇರ್ಪಡಿಸುತ್ತ ಹೋದರು. ಅವುಗಳಲ್ಲಿ ಒಂದರ ಸ್ವಭಾವವು ಎಷ್ಟು ಯತ್ನಿಸಿದರೂ ಬಿಡಿಸಲಾರದ ಒಗಟಾಗಿದ್ದುದರಿಂದ, ಗ್ರೀಕರ ಕಥೆಯಲ್ಲಿ ದಾರಿಹೋಕರಿಗೆ ಒಗಟು ಹಾಕುವ ಸ್ಫಿಂಕ್ಸ್ ಎಂಬ ಪ್ರಾಣಿಯನ್ನು ನೆನೆದು ಅದಕ್ಕೆ ‘ಸ್ಫಿಂಗೋಸಿನ್’ ಎಂದು ಹೆಸರಿಟ್ಟರು. ಬದುಕಿದ್ದಾಗ ಅವರ ಮಾತಿಗೆ ಮನ್ನಣೆ ಸಿಕ್ಕಿದ್ದು ಅತ್ಯಲ್ಪ. ಅವರು 1901ರಲ್ಲಿ ತೀರಿಕೊಂಡರು. ಅವರು ಹೇಳಿದ್ದೇ ಸರಿಯೆಂದು ಕಾಲಕ್ರಮದಲ್ಲಿ ಸಿದ್ಧವಾಯಿತು.

ಒಂದೇ ಊರಿನಲ್ಲಿ ಒಂದೇ ವರ್ಷದಲ್ಲಿ ನಡೆದ ಈ ಎರಡು ಕೆಲಸಗಳು, ಅಂದರೆ ಶಸ್ತ್ರವೈದ್ಯನ ಚೂರಿ ಮತ್ತು ರಸಾಯನಜ್ಞನ ಗಾಜಿನ ಪಾತ್ರೆ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಒಂದಾಗಿ ಕೂಡಲು ನೂರಿಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಅವು ಏಕೆ ಕೂಡಬೇಕಾಯಿತು, ಹೇಗೆ ಕೂಡಿದವು ಎಂಬುದೇ ಇಂದಿನ ನಮ್ಮ ವಿಷಯ.

ನಮ್ಮ ಎರೆಯ ಹೊಲಗಳಲ್ಲಿ ಕರಕಿ ಬೆಳೆಯುವುದನ್ನು ತಾವೆಲ್ಲ ಕಂಡಿದ್ದೀರಿ. ಮೇಲೆ ಕಾಣುವ ಹಸುರನ್ನು ಕಿತ್ತೊಗೆದರೆ ಹೊಲ ಶುದ್ಧವಾಯಿತೆಂದು ಯಾವ ಒಕ್ಕಲಿಗನೂ ನಂಬುವುದಿಲ್ಲ. ಮಣ್ಣಿನೊಳಗೆ ಅದರ ಬೇರು ಎಷ್ಟು ದೂರ ಹರಿದಿದೆಯೆಂಬುದು ಅವನಿಗೆ ಗೊತ್ತು. ಮಿದುಳಿನಲ್ಲಿಯೇ ಹುಟ್ಟುವ ಗಡ್ಡೆಗಳಲ್ಲಿ ‘ಗ್ಲಯೋಮಾ’ ಎಂಬ ಜಾತಿಯದು ಹೀಗೆಯೇ ಹಬ್ಬುತ್ತದೆ. ನಡುವೆ ಗಡ್ಡೆಯು ಕಣ್ಣಿಗೆ ಕಾಣುವಂತಿರುತ್ತದೆ. ಅಂಚಿಗೆ ಬಂದಂತೆ ಅದರ ಜೀವಕೋಶಗಳು ನರತಂತುಗಳ ಜಾಡು ಹಿಡಿದು, ಆರೋಗ್ಯವಾದ ಜೀವಕೋಶಗಳ ನಡುವೆ ಒಂದೊಂದಾಗಿ ನುಸುಳಿಕೊಂಡು ಹೋಗುತ್ತವೆ. 1928ರಲ್ಲಿ ಅಮೆರಿಕೆಯ ವಾಲ್ಟರ್ ಡ್ಯಾಂಡಿ ಎಂಬ ಪ್ರಸಿದ್ಧ ಶಸ್ತ್ರವೈದ್ಯರು ಇಂತಹ ಕೆಲವು ರೋಗಿಗಳಲ್ಲಿ ಮಿದುಳಿನ ಬಲಭಾಗದ ಅರ್ಧವನ್ನೇ ತೆಗೆದ ವೃತ್ತಾಂತವನ್ನು ಪ್ರಕಟಿಸಿದರು. ಅಷ್ಟು ಮಾಡಿದರೂ ರೋಗವು ಮರಳಿ ಬಂದಿತು.

ಹೊಲದಲ್ಲಾದರೆ ಒಂದು ಮೊಳ ಹೆಚ್ಚಾಗಿ ಅಗೆದು ತೆಗೆಯಬಹುದು. ಮಿದುಳಿನಲ್ಲಿ ಹಾಗೆ ಮಾಡಲಾಗದು. ಒಂದು ಬೆರಳಿನ ಅಗಲದಷ್ಟು ಆಚೆಗೆ ಮಾತಿನ ಸ್ಥಾನವಿರಬಹುದು, ಕೈಯಾಡಿಸುವ ಸ್ಥಾನವಿರಬಹುದು. ಹೆಚ್ಚು ತೆಗೆದರೆ ರೋಗಿಯು ಮೂಕನಾದಾನು; ಕಡಿಮೆ ತೆಗೆದರೆ ಗಡ್ಡೆಯು ಬೇಗನೆ ಮತ್ತೆ ಬೆಳೆದೀತು. ಶಸ್ತ್ರಚಿಕಿತ್ಸೆಗೆ ಮೊದಲು ಎಂ.ಆರ್.ಐ. ಯಂತ್ರದಿಂದ ಚಿತ್ರ ತೆಗೆದಿರುತ್ತಾರೆ, ನಿಜ. ಆದರೆ ಬುರುಡೆಯನ್ನು ತೆರೆದೊಡನೆ ಮಿದುಳು ತುಸು ಕುಸಿದು ಸರಿಯುವುದರಿಂದ, ಚಿತ್ರದಲ್ಲಿದ್ದ ಜಾಗಕ್ಕೂ ಕೈಕೆಳಗಿರುವ ಜಾಗಕ್ಕೂ ವ್ಯತ್ಯಾಸ ಬೀಳುತ್ತದೆ.

ಹಾಗಾದರೆ ಅಂಚಿನ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬಾರದೇಕೆ? ನೋಡುತ್ತಾರೆ. ಚೂರನ್ನು ಮಂಜಿನಂತೆ ಹೆಪ್ಪುಗಟ್ಟಿಸಿ, ತೆಳುವಾಗಿ ಕೊಯ್ದು, ಬಣ್ಣ ಹಾಕಿ ನೋಡುವ ಈ ಕ್ರಮವನ್ನು ಅಮೆರಿಕೆಯ ಮೇಯೋ ಚಿಕಿತ್ಸಾಲಯದಲ್ಲಿ ಲೂಯಿ ವಿಲ್ಸನ್ ಎಂಬವರು 1905ರಲ್ಲಿಯೇ ರೂಢಿಗೆ ತಂದರು. ಇಂದಿಗೂ ಎಲ್ಲ ದೊಡ್ಡ ಆಸ್ಪತ್ರೆಗಳು ಇದನ್ನು ಅವಲಂಬಿಸಿವೆ. ಆದರೆ ಒಂದು ಚೂರಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕಾಗುತ್ತದೆ. ತಲೆ ತೆರೆದಿಟ್ಟ ರೋಗಿಯು ಮೇಜಿನ ಮೇಲೆ ಮಲಗಿರುವಾಗ ಅಂಚಿನ ಹತ್ತು ಕಡೆಗಳಿಂದ ಹತ್ತು ಚೂರುಗಳನ್ನು ಕಳುಹಿ ಕಾಯುತ್ತ ಕೂಡ್ರಲು ಸಾಧ್ಯವೇ? ಅದಕ್ಕಿಂತ ಬೇಗನೆ ಉತ್ತರ ಕೊಡುವ ಉಪಾಯವೊಂದು ಬೇಕಾಗಿತ್ತು. ಆ ಉಪಾಯವು ಮಿದುಳಿನ ಜಿಡ್ಡಿನಲ್ಲಿ ದೊರೆಯಿತು.

ನಮ್ಮ ಮಿದುಳು ಎಷ್ಟು ಜಿಡ್ಡಿನ ಅಂಗವೆಂದರೆ, ಅದರೊಳಗಿನ ನೀರನ್ನೆಲ್ಲ ಆರಿಸಿದರೆ ಉಳಿಯುವುದರಲ್ಲಿ ಸುಮಾರು ಅರ್ಧದಷ್ಟು ಲಿಪಿಡ್‌ಗಳೇ. ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡರಷ್ಟು ಮಾತ್ರ. ಆದರೆ ದೇಹದ ಕೊಲೆಸ್ಟೆರಾಲ್‌ನಲ್ಲಿ ಸುಮಾರು ಐದನೆಯ ಒಂದು ಪಾಲು ಅಲ್ಲಿದೆ. ನರತಂತುಗಳಿಗೆ, ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ, ಮಯೆಲಿನ್ ಎಂಬ ಜಿಡ್ಡಿನ ಹೊದಿಕೆಯುಂಟು. ಮಿದುಳಿನ ಒಳಭಾಗವು ಬೆಳ್ಳಗೆ ಕಾಣುವುದು ಈ ಹೊದಿಕೆಯಿಂದಲೇ. ಹೊರಪದರವು ಬೂದುಬಣ್ಣದ್ದು; ಅಲ್ಲಿ ನರಕೋಶಗಳ ಒಡಲುಗಳಿವೆ.

ಇಲ್ಲಿ ತಾಯಂದಿರಿಗೂ ತಂದೆಯರಿಗೂ ಒಂದು ಮಾತು. ಎಣ್ಣೆ ತುಪ್ಪ ತಿಂದುದರಿಂದ ಮಿದುಳಿನಲ್ಲಿ ಗಡ್ಡೆಯಾಯಿತೆಂದು ಯಾರೂ ಭಾವಿಸಬಾರದು. ಮಿದುಳು ತನಗೆ ಬೇಕಾದ ಕೊಲೆಸ್ಟೆರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿರುವುದು ಅಲ್ಲಿಗೆ ಸುಲಭವಾಗಿ ದಾಟುವುದಿಲ್ಲ. ನಾವಿಲ್ಲಿ ಹೇಳುತ್ತಿರುವುದು ಜೀವಕೋಶವು ತನ್ನ ಗೋಡೆಯನ್ನು ಯಾವ ಜಿಡ್ಡಿನಿಂದ ಕಟ್ಟಿಕೊಂಡಿದೆಯೆಂಬುದನ್ನು.

ಜಿಡ್ಡುಗಳಲ್ಲಿ ಎಷ್ಟು ಬಗೆಯೆಂಬುದನ್ನು ನಮ್ಮ ಅಡುಗೆಮನೆಯಲ್ಲಿಯೇ ಕಾಣಬಹುದು. ಮಾಗಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆಯು ಬಾಟಲಿಯಲ್ಲಿ ಗಟ್ಟಿಯಾಗುತ್ತದೆ. ಪಕ್ಕದಲ್ಲಿರುವ ಶೇಂಗಾ ಎಣ್ಣೆಯಾಗಲಿ ಕುಸುಬಿ ಎಣ್ಣೆಯಾಗಲಿ ಹಾಗಾಗುವುದಿಲ್ಲ. ಎಣ್ಣೆಯ ಅಣುವಿನಲ್ಲಿ ಇಂಗಾಲದ ಪರಮಾಣುಗಳು ಸರಪಳಿಯಂತೆ ಜೋಡಿಸಿಕೊಂಡಿರುತ್ತವೆ. ಸರಪಳಿ ನೆಟ್ಟಗಿದ್ದರೆ ಅಣುಗಳು ಒತ್ತೊತ್ತಾಗಿ ಕೂಡುತ್ತವೆ, ಜಿಡ್ಡು ಗಟ್ಟಿಯಾಗುತ್ತದೆ. ಅಲ್ಲಲ್ಲಿ ಮಣಿದಿದ್ದರೆ ಒತ್ತಾಗಿ ಕೂಡಲಾರವು, ಎಣ್ಣೆಯಾಗಿಯೇ ಉಳಿಯುತ್ತದೆ. ಒಂದೊಂದು ಮಣಿತಕ್ಕೂ ಎರಡೆರಡು ಜಲಜನಕ ಪರಮಾಣುಗಳು ಕಡಿಮೆಯಾಗುತ್ತವೆ. 18 ಇಂಗಾಲದ ಸ್ಟಿಯರಿಕ್ ಆಮ್ಲದ ಅಣುಭಾರ 284. ಅದರಲ್ಲಿ ಒಂದು ಮಣಿತ ಬಂದರೆ ಓಲಿಯಿಕ್ ಆಮ್ಲ, ಅಣುಭಾರ 282. ಇದು ಶೇಂಗಾ ಎಣ್ಣೆಯಲ್ಲಿ ಹೇರಳವಾಗಿದೆ. ಎರಡು ಮಣಿತ ಬಂದರೆ ಲಿನೋಲಿಯಿಕ್ ಆಮ್ಲ, ಅಣುಭಾರ 280; ಇದು ನಮ್ಮ ಕುಸುಬಿಯದು. ತೂಕವೊಂದನ್ನು ಸರಿಯಾಗಿ ಅಳೆದರೆ ಇದು ಯಾವ ಬಗೆಯ ಜಿಡ್ಡೆಂದು ಬಹುಮಟ್ಟಿಗೆ ಹೇಳಬಹುದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಆದರೆ ಕಣ್ಣಿಗೆ ಕಾಣದ ಅಣುವನ್ನು ತೂಗುವುದು ಹೇಗೆ? ಸುಗ್ಗಿಯಲ್ಲಿ ಕಣದಲ್ಲಿ ಜೋಳ ತೂರುವುದನ್ನು ನೀವು ನೋಡಿದ್ದೀರಿ. ಬುಟ್ಟಿಯೆತ್ತಿ ಗಾಳಿಗೆ ಸುರಿದಾಗ ಭಾರವಾದ ಕಾಳು ಕಾಲಬುಡದಲ್ಲಿ ಬೀಳುತ್ತದೆ, ಜೊಳ್ಳು ಸ್ವಲ್ಪ ದೂರ, ಹೊಟ್ಟು ಇನ್ನೂ ದೂರ. ಒಂದೇ ಗಾಳಿ ಎಲ್ಲವನ್ನೂ ತಳ್ಳಿದರೂ ತೂಕಕ್ಕೆ ತಕ್ಕಂತೆ ಅವು ಬೇರೆಬೇರೆ ಸಾಲುಗಳಾಗುತ್ತವೆ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವು ಅಣುಗಳನ್ನು ಇದೇ ರೀತಿಯಲ್ಲಿ ತೂರುತ್ತದೆ. ಕನ್ನಡದಲ್ಲಿ ಇದನ್ನು ದ್ರವ್ಯರಾಶಿ ರೋಹಿತಮಾಪಕವೆನ್ನಬಹುದು. ಇದರಲ್ಲಿ ಬೀಸುವ ಗಾಳಿಯೆಂದರೆ ವಿದ್ಯುತ್ತು ಮತ್ತು ಅಯಸ್ಕಾಂತದ ಸೆಳೆತ. ವಿದ್ಯುದಂಶವನ್ನು ಹೊತ್ತ ಅಣುವಿಗೆ ಅಯಾನು ಎಂದು ಹೆಸರು. ಅಂತಹ ಅಯಾನುಗಳನ್ನು ಗಾಳಿಯಿಲ್ಲದ ಕೊಳವೆಯಲ್ಲಿ ಓಡಿಸಿದರೆ ಹಗುರಾದುವು ಒಂದು ರೀತಿಯಾಗಿ, ಭಾರವಾದುವು ಇನ್ನೊಂದು ರೀತಿಯಾಗಿ ಸಾಗುತ್ತವೆ. ಕೇಂಬ್ರಿಜ್‌ನಲ್ಲಿ ಜೆ.ಜೆ. ಥಾಮ್ಸನ್ನರು ತೋರಿದ ದಾರಿಯಲ್ಲಿ ನಡೆದು ಅವರ ಶಿಷ್ಯ ಫ್ರಾನ್ಸಿಸ್ ಆ್ಯಸ್ಟನ್ನರು 1919ರಲ್ಲಿ ಇಂತಹ ಯಂತ್ರವೊಂದನ್ನು ರಚಿಸಿದರು. ನಿಯಾನ್ ಅನಿಲದಲ್ಲಿ 20 ಮತ್ತು 22 ಎಂಬ ಎರಡು ತೂಕದ ಪರಮಾಣುಗಳಿವೆಯೆಂದು ಅದರಿಂದ ತೋರಿಸಿದರು. 1922ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಅನಿಲಗಳು ತಾವಾಗಿಯೇ ಹಾರುತ್ತವೆ. ಆದರೆ ಜೀವಿಗಳ ಒಡಲಿನ ದೊಡ್ಡ ಅಣುಗಳನ್ನು ಹಾರಿಸಲು ಕಾಯಿಸಿದರೆ ಅವು ಹಾರುವ ಮೊದಲೇ ಮುರಿದು ಚೂರಾಗುತ್ತಿದ್ದವು. ಈ ತೊಡಕನ್ನು ಬಿಡಿಸಿದವರಲ್ಲಿ ಇಬ್ಬರು 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಒಬ್ಬರು ಅಮೆರಿಕೆಯ ಜಾನ್ ಫೆನ್. ಪಾರಿತೋಷಕ ಬಂದಾಗ ಅವರಿಗೆ 85 ವರ್ಷ. ದ್ರಾವಣವನ್ನು ವಿದ್ಯುತ್ತಿನ ಬಲದಿಂದ ಅತಿ ಸಣ್ಣ ತುಂತುರಾಗಿ ಸಿಂಪಡಿಸಿ, ಹನಿ ಆರುತ್ತ ಹೋದಂತೆ ಒಳಗಿನ ಅಣುವು ಮುರಿಯದೆ ವಿದ್ಯುದಂಶದೊಡನೆ ಹೊರಬೀಳುವಂತೆ ಅವರು ಮಾಡಿದರು. ಆನೆಗೆ ರೆಕ್ಕೆ ಕಟ್ಟಿದಂತೆ ಎಂದು ಅವರೇ ಈ ಕೆಲಸವನ್ನು ವಿನೋದವಾಗಿ ವರ್ಣಿಸುತ್ತಿದ್ದರು. ಇನ್ನೊಬ್ಬರು ಜಪಾನಿನ ಕೊಯಿಚಿ ತನಾಕಾ. ಇವರು ವಿದ್ಯುತ್ ಎಂಜಿನಿಯರಿಂಗ್ ಓದಿದವರು; ಡಾಕ್ಟರೇಟ್ ಪದವಿ ಪಡೆದವರಲ್ಲ; ಕ್ಯೋತೋ ನಗರದ ಉಪಕರಣಗಳ ಕಾರ್ಖಾನೆಯೊಂದರಲ್ಲಿ ಉದ್ಯೋಗಿಯಾಗಿದ್ದರು. 1985ರಲ್ಲಿ ಒಂದು ದಿನ ಕೋಬಾಲ್ಟ್ ಲೋಹದ ನಯವಾದ ಪುಡಿಯಲ್ಲಿ ಬೇರೊಂದು ದ್ರವವನ್ನು ಬೆರೆಸುವ ಬದಲು ಕೈತಪ್ಪಿ ಗ್ಲಿಸರಿನ್ ಬೆರೆಸಿಬಿಟ್ಟರು. ಬೆಲೆಬಾಳುವ ಪುಡಿಯನ್ನು ಚೆಲ್ಲಲು ಮನಸ್ಸು ಬಾರದೆ ಅದನ್ನೇ ಪರೀಕ್ಷಿಸಿ ನೋಡಿದರು. ಲೇಸರ್ ಬೆಳಕು ತಗುಲಿದಾಗ ದೊಡ್ಡ ಅಣುವು ಮುರಿಯದೆ ಮೇಲೆದ್ದಿತು. ತಪ್ಪಾದುದನ್ನು ಮರೆಮಾಡದೆ, ಅದರಿಂದ ಏನಾಯಿತೆಂದು ಕಣ್ಣಿಟ್ಟು ನೋಡಿದ್ದು ಅವರ ದೊಡ್ಡತನ. ಪ್ರಯೋಗಶಾಲೆಯ ವಹಿಯಲ್ಲಿ ಅಂಕಿ ತಿದ್ದುವ ಮಕ್ಕಳು ಇದನ್ನು ನೆನಪಿಡಬೇಕು.

ಮುಂದಿನ ಹೆಜ್ಜೆಯು 2004ರಲ್ಲಿ ಬಿದ್ದಿತು. ಅಮೆರಿಕೆಯ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಗ್ರಹಾಂ ಕುಕ್ಸ್ ಅವರೂ ಝೋಲ್ಟಾನ್ ಟಾಕಾಚ್ ಮೊದಲಾದ ಅವರ ಸಂಗಡಿಗರೂ, ವಸ್ತುವನ್ನು ಯಂತ್ರದೊಳಗೆ ಇಡುವ ಬದಲು ಬಯಲಿನಲ್ಲಿಯೇ ಇಟ್ಟು ಪರೀಕ್ಷಿಸುವ ಕ್ರಮವನ್ನು ಪ್ರಕಟಿಸಿದರು. ಇದಕ್ಕೆ ‘ಡೆಸಿ’ ಎಂದು ಹೆಸರು. ವಿದ್ಯುದಂಶವುಳ್ಳ ದ್ರಾವಕದ ತುಂತುರನ್ನು ವಸ್ತುವಿನ ಮೇಲೆ ಬೀಸುತ್ತಾರೆ. ಮೊದಲು ಬಿದ್ದ ಹನಿಗಳು ಮೇಲ್ಮೈಯನ್ನು ತೋಯಿಸಿ ಅಲ್ಲಿನ ಜಿಡ್ಡನ್ನು ಕರಗಿಸಿಕೊಳ್ಳುತ್ತವೆ. ಹಿಂದಿನಿಂದ ಬಂದ ಹನಿಗಳು ಅವನ್ನು ಚಿಮ್ಮಿಸುತ್ತವೆ. ಚಿಮ್ಮಿದ ಸೀಕರವನ್ನು ಯಂತ್ರದ ಕೊಳವೆಯು ಒಳಗೆ ಎಳೆದುಕೊಂಡು ತೂಗುತ್ತದೆ. ಇದೆಲ್ಲ ಕೆಲವೇ ಕ್ಷಣಗಳ ಕೆಲಸ. ತಕ್ಕ ದ್ರಾವಕವನ್ನು ಬಳಸಿದರೆ ಅಂಗಾಂಶವೂ ಕೆಡುವುದಿಲ್ಲ. ಅದೇ ತುಣುಕಿಗೆ ಬಣ್ಣಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ ಯಂತ್ರದ ಮಾತನ್ನು ತಾಳೆಹಾಕಬಹುದು.

ಕುಕ್ಸ್ ಅವರ ಶಿಷ್ಯೆ ಲಿವಿಯಾ ಎಬರ್ಲಿನ್, ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ನಥಾಲಿ ಅಗಾರ್ ಮತ್ತು ಅವರ ಸಹೋದ್ಯೋಗಿಗಳು ಈ ಕ್ರಮವನ್ನು ಮಿದುಳಿನ ಗಡ್ಡೆಗಳಿಗೆ ಅನ್ವಯಿಸಿದರು. ಲಿಪಿಡ್‌ಗಳ ಆಧಾರದಿಂದಲೇ ಗ್ಲಯೋಮಾದ ಬಗೆ, ಅದರ ತೀವ್ರತೆ, ಚೂರಿನಲ್ಲಿರುವ ಗಡ್ಡೆಕೋಶಗಳ ಪ್ರಮಾಣ ಇವುಗಳನ್ನು ವಿಂಗಡಿಸಬಹುದೆಂದು 2012ರಲ್ಲಿ ತೋರಿಸಿದರು. 2013ರಲ್ಲಿ, ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಈ ಪರೀಕ್ಷೆಯನ್ನು ಮಾಡಬಹುದೆಂಬುದನ್ನು ಪ್ರಕಟಿಸಿದರು. ಥುಡಿಕುಮ್ಮರ ರಸಾಯನವೂ ಗಾಡ್ಲೀಯವರ ಶಸ್ತ್ರವೂ ಹೀಗೆ ಒಂದೇ ಕೋಣೆಯಲ್ಲಿ ಕೂಡಿದವು.

ಯಂತ್ರವು ಕಾಣುವುದಾದರೂ ಏನನ್ನು? ಅದರ ಪರದೆಯ ಮೇಲೆ ಹಲ್ಲುಗಳ ಸಾಲಿನಂತೆ ಗೆರೆಗಳೇಳುತ್ತವೆ. ಒಂದೊಂದು ಗೆರೆಯೂ ಒಂದೊಂದು ತೂಕ. ಆರೋಗ್ಯವಾದ ಮಿದುಳಿನ ಬಿಳಿಯ ಭಾಗದಲ್ಲಿ 888.6 ಎಂಬಲ್ಲಿ ಎತ್ತರವಾದ ಗೆರೆಯೊಂದು ನಿಲ್ಲುತ್ತದೆ. ಅದು ಸಲ್ಫಟೈಡ್ ಎಂಬ, ಗಂಧಕವಿರುವ ಲಿಪಿಡ್. ಮಯೆಲಿನ್ ಹೊದಿಕೆಯ ಗುರುತು. ಇದರ ಬೆನ್ನೆಲುಬು ಥುಡಿಕುಮ್ಮರ ಸ್ಫಿಂಗೋಸಿನ್ನೇ! ಬೂದುಬಣ್ಣದ ಭಾಗದಲ್ಲಿ 834.5 ಎಂಬಲ್ಲಿ ಮುಖ್ಯವಾದ ಗೆರೆ ಕಾಣುತ್ತದೆ. ಅದು ರಂಜಕವುಳ್ಳ ಒಂದು ಲಿಪಿಡ್. 22 ಇಂಗಾಲಗಳ, ಆರು ಮಣಿತಗಳ ಡಿ.ಎಚ್.ಎ. ಎಂಬ ಮೇದಾಮ್ಲವನ್ನು ಹೊತ್ತಿರುತ್ತದೆ. ಗ್ಲಯೋಮಾ ಗಡ್ಡೆಯಲ್ಲಿ ಈ ಎರಡು ಗೆರೆಗಳೂ ಕುಗ್ಗಿ, ಬೇರೆ ಗೆರೆಗಳು ಮುಂದೆ ಬರುತ್ತವೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಗಡ್ಡೆಯ ಕೋಶಗಳು ನರಗಳಿಗೆ ಹೊದಿಕೆ ನೇಯುವ ಕೆಲಸ ಮಾಡುವುದಿಲ್ಲ. ಒಂದು ಎರಡಾಗಿ ಎರಡು ನಾಲ್ಕಾಗಿ ಒಡೆಯುತ್ತ, ಹೊಸ ಗೋಡೆಗಳನ್ನು ಅವಸರದಿಂದ ಕಟ್ಟುವುದೇ ಅವುಗಳ ಕೆಲಸ. ಆರೋಗ್ಯವಾದ ಮಿದುಳಿನಲ್ಲಿ ಇಲ್ಲವೆಂಬಷ್ಟು ವಿರಳವಾಗಿರುವ ಕೊಲೆಸ್ಟೆರಾಲ್ ಎಸ್ಟರ್ ಎಂಬ ಜಿಡ್ಡು, ಗ್ಲಯೋಬ್ಲಾಸ್ಟೋಮಾ ಎಂಬ ಅತಿ ಉಗ್ರವಾದ ಗಡ್ಡೆಯ ಕೋಶಗಳಲ್ಲಿ ಸಣ್ಣ ಹನಿಗಳಾಗಿ ಶೇಖರವಾಗುತ್ತದೆ.

ಅಂಚಿನ ಕಡೆಗೆ ಸಾಗಿದಂತೆ ಈ ಗೆರೆಗಳು ಒಮ್ಮೆಗೇ ಬದಲಾಗುವುದಿಲ್ಲ. ಗಡ್ಡೆಯ ಗುರುತು ಮೆಲ್ಲಮೆಲ್ಲನೆ ಇಳಿಯುತ್ತ, ಆರೋಗ್ಯದ ಗುರುತು ಮೆಲ್ಲಮೆಲ್ಲನೆ ಏರುತ್ತ ಹೋಗುತ್ತದೆ. ಗಡಿನಾಡಿನಲ್ಲಿ ಬಾಳುವ ನಮಗೆ ಇದು ಬೇಗನೆ ತಿಳಿಯುವ ಮಾತು. ನಕ್ಷೆಯಲ್ಲಿ ಗೆರೆ ಎಳೆಯಬಹುದು. ಆದರೆ ಅಕ್ಕಲಕೋಟೆ ಸೊಲ್ಲಾಪುರಗಳ ಸೀಮೆಯಲ್ಲಿ ಊರಿಂದ ಊರಿಗೆ ನಡೆದುಹೋದರೆ, ಕನ್ನಡ ಇಲ್ಲಿಗೆ ಮುಗಿಯಿತು, ಮರಾಠಿ ಇಲ್ಲಿಂದ ತೊಡಗಿತು ಎಂದು ಕೋಲು ನೆಟ್ಟು ತೋರಿಸಬಲ್ಲವರು ಯಾರು? ಹೋಲಿಕೆಯು ಗೆರೆಯ ಮಟ್ಟಿಗೆ ಮಾತ್ರ. ನಮ್ಮಲ್ಲಿ ಎರಡು ಭಾಷೆಗಳೂ ಆರೋಗ್ಯವಾದ ನೆರೆಹೊರೆಯವು. ಮಿದುಳಿನಲ್ಲಿಯಾದರೋ ನುಸುಳಿ ಬಂದುದು ರೋಗ. ಇಂತಹ ಸ್ಥಳದಲ್ಲಿ ‘ಗಡ್ಡೆ ಇದೆ’ ಅಥವಾ ‘ಇಲ್ಲ’ ಎಂಬ ಉತ್ತರಕ್ಕಿಂತ, ‘ಇಷ್ಟು ಪಾಲು ಇದೆ’ ಎಂಬ ಉತ್ತರವೇ ಶಸ್ತ್ರವೈದ್ಯನಿಗೆ ಹೆಚ್ಚು ಉಪಯುಕ್ತ. ಈ ಯಂತ್ರದಿಂದ ಅಂತಹ ಅಂದಾಜು ಕೆಲವೇ ನಿಮಿಷಗಳಲ್ಲಿ ಸಿಗುವಂತಾಗಿದೆ.

ಲಿಪಿಡ್ ಅಲ್ಲದ ಕೆಲವು ಗುರುತುಗಳನ್ನೂ ಇದೇ ಯಂತ್ರವು ಹಿಡಿಯುತ್ತದೆ. ಕೆಲವು ಗ್ಲಯೋಮಾಗಳಲ್ಲಿ ಐ.ಡಿ.ಎಚ್. ಎಂಬ ಜೀನಿನ ದೋಷವಿರುತ್ತದೆಂದು 2008ರಲ್ಲಿ ತಿಳಿಯಿತು. ಆ ದೋಷದಿಂದ 2-ಎಚ್.ಜಿ. ಎಂಬ ವಸ್ತುವು ಗಡ್ಡೆಯಲ್ಲಿ ಶೇಖರವಾಗುತ್ತದೆಂದು 2009ರಲ್ಲಿ ಗೊತ್ತಾಯಿತು. ಬಾಸ್ಟನ್ನಿನ ತಂಡವು 2014ರಲ್ಲಿ ಈ ವಸ್ತುವನ್ನು ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ಡೆಸಿ ಕ್ರಮದಿಂದಲೇ ಗುರುತಿಸಿ ತೋರಿಸಿತು. ಈ ದೋಷವುಳ್ಳ, ನಿಧಾನವಾಗಿ ಬೆಳೆಯುವ ಗಡ್ಡೆಗಳಿಗಾಗಿ ವೊರಾಸಿಡೆನಿಬ್ ಎಂಬ ಔಷಧಕ್ಕೆ ಅಮೆರಿಕೆಯಲ್ಲಿ 2024ರಲ್ಲಿ ಮನ್ನಣೆ ದೊರೆತಿದೆ. ಗಡ್ಡೆಯ ಜಾತಿಯನ್ನು ತಿಳಿಯುವುದು ಕೇವಲ ಪಾಂಡಿತ್ಯದ ವಿಷಯವಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಟಾಕಾಚರು ಅನಂತರ ಯುರೋಪಿಗೆ ಮರಳಿ ಇನ್ನೊಂದು ಉಪಾಯವನ್ನು ಹೂಡಿದರು. ವಿದ್ಯುತ್ತಿನಿಂದ ಕಾಯ್ದ ಚೂರಿಯಿಂದ ಕೊಯ್ಯುವಾಗ ಹೊಗೆ ಏಳುವುದುಂಟು. ಆ ಹೊಗೆಯಲ್ಲಿ ಕೋಶಗಳ ಲಿಪಿಡ್‌ಗಳೇ ಇರುತ್ತವೆ. ಎಲ್ಲರೂ ಹೊರಗೆ ಹೀರಿ ಬಿಡುತ್ತಿದ್ದ ಆ ಹೊಗೆಯನ್ನು ಅವರು ಯಂತ್ರಕ್ಕೆ ಹಾಯಿಸಿದರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಿಂದ 2013ರಲ್ಲಿ ಪ್ರಕಟವಾದ ವರದಿಯಂತೆ, ಬೇರೆಬೇರೆ ಅಂಗಗಳ ಗಡ್ಡೆಗಳಿದ್ದ 91 ರೋಗಿಗಳಲ್ಲಿ ಈ ಚೂರಿಯು ಹೇಳಿದುದು ಅನಂತರದ ಸೂಕ್ಷ್ಮದರ್ಶಕದ ನಿರ್ಣಯಕ್ಕೆ ಸರಿಹೊಂದಿತು. ಎಬರ್ಲಿನ್ನರ ತಂಡವು ಟೆಕ್ಸಸ್‌ನಲ್ಲಿ 2017ರಲ್ಲಿ ಲೇಖನಿಯಂತಹ ಸಾಧನವೊಂದನ್ನು ಪ್ರಕಟಿಸಿತು. ಅದು ಅಂಗಾಂಶದ ಮೇಲೆ ನೀರಿನ ಒಂದು ಹನಿಯನ್ನಿಟ್ಟು ಹಿಂದಕ್ಕೆ ಹೀರಿ, ಸುಮಾರು ಹತ್ತು ಸೆಕೆಂಡುಗಳಲ್ಲಿ ಉತ್ತರ ಕೊಡುತ್ತದೆ.

ಇಷ್ಟು ಕೇಳಿದ ಮೇಲೆ ಮಿದುಳಿನ ಗಡ್ಡೆಯ ಭಯವೇ ತೀರಿತೆಂದು ತಾವು ತಿಳಿದರೆ ಅದು ನಮ್ಮ ತಪ್ಪಾದೀತು. ಈ ಸಾಧನಗಳು ಇರುವುದು ಕೆಲವೇ ಆಸ್ಪತ್ರೆಗಳಲ್ಲಿ. ಯಂತ್ರವು ತಾನಾಗಿಯೇ ಏನನ್ನೂ ಅರಿಯದು. ನುರಿತ ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡಿ ಹೆಸರಿಟ್ಟ ನೂರಾರು ಚೂರುಗಳ ಗೆರೆಗಳನ್ನು ಅದಕ್ಕೆ ಮೊದಲು ಕಲಿಸಬೇಕು. ಗುರುವಿಗೆ ಗೊತ್ತಿಲ್ಲದ ಅಪರೂಪದ ಗಡ್ಡೆ ಶಿಷ್ಯನಿಗೂ ಗೊತ್ತಾಗುವುದಿಲ್ಲ. ಮಾತಿನ ಸ್ಥಾನದೊಳಗೇ ಗಡ್ಡೆಯ ಕೋಶಗಳಿವೆಯೆಂದು ಯಂತ್ರ ಹೇಳಿದರೂ, ಅಲ್ಲಿ ಚೂರಿಯಾಡಿಸಬೇಕೋ ಬೇಡವೋ ಎಂಬುದನ್ನು ವೈದ್ಯನು ತನ್ನ ವಿವೇಕದಿಂದಲೂ ರೋಗಿಯ ಇಚ್ಛೆಯಿಂದಲೂ ನಿರ್ಧರಿಸಬೇಕು. ಗ್ಲಯೋಬ್ಲಾಸ್ಟೋಮಾ ಇಂದಿಗೂ ಬಹುಮಟ್ಟಿಗೆ ಗುಣವಾಗದ ರೋಗವಾಗಿಯೇ ಉಳಿದಿದೆ. ಮಿದುಳಿನ ಗಡ್ಡೆಗಳೆಲ್ಲ ಅಂತಹವಲ್ಲವೆಂಬುದೂ ಅಷ್ಟೇ ನಿಜ. ಮಿದುಳಿನ ಹೊರಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಎಂಬವು ಬಹುಪಾಲು ನಿರುಪದ್ರವಿಯಾಗಿದ್ದು, ಶಸ್ತ್ರಚಿಕಿತ್ಸೆಯಿಂದ ಪೂರ್ತಿ ಗುಣವಾಗುವವರು ಅನೇಕರಿದ್ದಾರೆ.

ಈಗ ಆ ಪಾಲಕರ ಪ್ರಶ್ನೆಗೆ ಬರೋಣ. ಅವರು ಇಂದು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಅಯ್ಯಾ, ತಮ್ಮ ಅಣ್ಣನವರ ವೈದ್ಯರು ಏನನ್ನೂ ಮುಚ್ಚಿಡಲಿಲ್ಲವೆಂದೇ ನಾವು ನಂಬುತ್ತೇವೆ. ಕಣ್ಣಿಗೆ ಕಾಣದ ಕೋಶಗಳು ಅಂಚಿನಾಚೆಗೆ ಉಳಿದಿರಬಹುದೆಂದು ಅವರು ಬಲ್ಲರು. ಗೊತ್ತಿಲ್ಲದುದನ್ನು ಗೊತ್ತಿದೆಯೆಂದು ಹೇಳಿ ತಮ್ಮನ್ನು ಕ್ಷಣಕಾಲ ಸಂತೋಷಪಡಿಸುವುದು ಅವರಿಗೆ ಕಷ್ಟವಾಗಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಶಸ್ತ್ರಚಿಕಿತ್ಸೆಯ ಅನಂತರ ಕಿರಣಚಿಕಿತ್ಸೆಗೂ ಔಷಧಕ್ಕೂ ಮತ್ತೆಮತ್ತೆ ಕರೆಯಿಸಿಕೊಳ್ಳುವುದು ಆ ಉಳಿದ ಕೋಶಗಳಿಗಾಗಿಯೇ. ಆದುದರಿಂದ ದೂರವಾಯಿತೆಂದೋ ಖರ್ಚಾಯಿತೆಂದೋ ಆ ಭೇಟಿಗಳನ್ನು ತಪ್ಪಿಸಬಾರದು. ವಿಜ್ಞಾನಿಗಳು ಇಷ್ಟೆಲ್ಲ ಶ್ರಮಪಡುತ್ತಿರುವುದು, ಮುಂದೊಂದು ದಿನ ಇಂತಹ ವೈದ್ಯರು “ಕಣ್ಣಿಗೆ ಕಂಡಷ್ಟನ್ನು” ಎಂಬ ಮಾತಿನ ಬದಲು ಇನ್ನೂ ಖಚಿತವಾದ ಮಾತನ್ನು ಹೇಳುವಂತಾಗಲೆಂದು.

ಪಾಲಕರಲ್ಲಿ ಇನ್ನೆರಡು ವಿನಂತಿಗಳಿವೆ. ತಲೆನೋವೆಲ್ಲ ಗಡ್ಡೆಯಲ್ಲ, ಅಂಜಬೇಡಿರಿ. ಆದರೆ ಮೊದಲೆಂದೂ ಇಲ್ಲದವರಿಗೆ ಫಿಟ್ಸ್ ಬಂದರೆ, ಬೆಳಗಿನ ಹೊತ್ತು ವಾಂತಿಯೊಡನೆ ತಲೆನೋವು ದಿನದಿನಕ್ಕೆ ಹೆಚ್ಚುತ್ತಿದ್ದರೆ, ಮಾತು, ದೃಷ್ಟಿ ಅಥವಾ ಕೈಕಾಲಿನ ಶಕ್ತಿ ಕುಂದುತ್ತಿದ್ದರೆ, ಗಾಳಿ ಸೋಕಿತೆಂದು ಕಾಲ ಕಳೆಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಎರಡನೆಯದು, ತೆಗೆದ ಗಡ್ಡೆಯ ಚೂರನ್ನು ಅಭ್ಯಾಸಕ್ಕಾಗಿ ಇಟ್ಟುಕೊಳ್ಳಲು ಆಸ್ಪತ್ರೆಯವರು ಅಪ್ಪಣೆ ಕೇಳಿದರೆ, ವಿಚಾರಿಸಿ ತಿಳಿದುಕೊಂಡು, ಮನಸ್ಸಿಗೆ ಒಪ್ಪಿದರೆ ಅಪ್ಪಣೆ ಕೊಡಿರಿ. ಗಡ್ಡೆಯ ಲಿಪಿಡ್‌ಗಳ ಕುರಿತು ನಾವು ಹೇಳಿದ ಒಂದೊಂದು ಸಂಗತಿಯೂ ಯಾರೋ ರೋಗಿಯು ಹಾಗೆ ಕೊಟ್ಟ ಚೂರಿನಿಂದಲೇ ತಿಳಿದುಬಂದುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ 1995ರಿಂದ ಮಿದುಳಿನ ಅಂಗಾಂಶಗಳ ಭಂಡಾರವೊಂದು ಇಂತಹ ದಾನಗಳಿಂದ ನಡೆದುಬಂದಿದೆ.

ವಿದ್ಯಾರ್ಥಿಗಳೇ, ಕನ್ನಡ ಶಾಲೆಯಲ್ಲಿ ಓದಿ ಇಂತಹ ವಿಷಯಗಳು ತಿಳಿದಾವೇ ಎಂದು ಕೆಲವರು ನಿಮ್ಮನ್ನು ಕೇಳುವುದುಂಟು. ಈ ಒಂದು ಗಂಟೆಯ ಹೊತ್ತು ನಾವು ಅಣು, ಪರಮಾಣು, ಜೀವಕೋಶ, ಅಯಸ್ಕಾಂತ ಎಂದು ಮಾತನಾಡಿದ್ದೆಲ್ಲ ನಿಮ್ಮ ಪಠ್ಯಪುಸ್ತಕದ ಕನ್ನಡವೇ. 284, 282, 280 ಎಂಬ ಲೆಕ್ಕವನ್ನು ನಾವು ಹೇಳಿ ಮುಗಿಸುವ ಮೊದಲೇ ಮುಂದಿನ ಸಾಲಿನ ಬಾಲಕಿಯೊಬ್ಬಳು “ಮುಂದಿನದು 278 ಅಲ್ಲವೇ ಸರ್?” ಎಂದು ಮೆಲ್ಲನೆ ಹೇಳಿದ್ದು ನಮ್ಮ ಕಿವಿಗೆ ಬಿತ್ತು. ಹೌದಮ್ಮಾ, 278ರ ಆಮ್ಲವೂ ಉಂಟು. ಅಗಸಿಯ ಎಣ್ಣೆಯಲ್ಲಿ ಅದೇ ಮುಖ್ಯವಾದುದು. ನೀನು ಕೇಳಿದ ಈ ಪ್ರಶ್ನೆಯು ನಿನ್ನನ್ನು ಬಹುದೂರ ಕರೆದೊಯ್ಯಲೆಂದು ಹರಸುತ್ತೇವೆ.